ಎರಡಕ್ಕೂ ಕುಂಕುಮ

ವಿಜಯದಶಮಿಯ ಮರುದಿನ ಮಧ್ಯಾಹ್ನ ಮೂರಕ್ಕೆ ಹೊಂಬಾಳಮ್ಮ ಭಾರತೀನಗರದ ಠಾಣೆಗೆ ಬಂದು ದೂರು ಕೊಟ್ಟಳು. ಅಂದು ಊಟದ ಹೊತ್ತಿಗೆ ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ಅವಳ ಗಂಡ ಅಂಕಯ್ಯ, ಓಡದೆ ನಿಂತಿದ್ದ ಒಂದನೇ ಗಾಣದ ಕಬ್ಬಿನ ಸಿಪ್ಪೆ ತೆಗೆಯುತ್ತಿದ್ದಾಗ ಗಾಣ ತಿರುಗಿ ಅವನನ್ನು ಎಳೆದುಕೊಂಡು ಕೊಂದಿತ್ತು.

"ಆ ಕಂಪ್ಯೂಟರ್ ಹುಡ್ಗಿನೇ ಒತ್ತಿರದು ಸಾರ್. ಅವ್ಳನ್ನ ಬುಡಬ್ಯಾಡಿ."

ಎಫ್‌ಐಆರ್‌ನಲ್ಲಿ ಮಧ್ಯಾಹ್ನದ ಪಾಳಿಯ ಆಪರೇಟರ್ ಅರ್ಪಿತಳ ಹೆಸರು ಬಿತ್ತು. ಬೆಳಗಿನ ಪಾಳಿಯ ಮೇಸ್ತ್ರಿ ಶಿವರಾಜು ಹೇಳಿಕೆ ಕೊಟ್ಟ: "ನಾನ್ ಓಡ್ಸುವಾಗ ಎಲ್ಲಾ ಸರ್ಯಾಗಿತ್ತು ಸಾರ್."

ಇನ್‌ಸ್ಪೆಕ್ಟರ್ ಚಲುವರಾಜು ಕಾರ್ಖಾನೆಗೆ ಬಂದು ಅವನನ್ನು ಕಂಪ್ಯೂಟರ್ ಕೋಣೆಯ ಹೊರಗೆ ಕೂರಿಸಿ ಪಂಚನಾಮೆ ಶುರುಮಾಡಿದರು. ಅರ್ಪಿತ ಅಳುತ್ತಲೇ ಅಂದಳು: "ನಾನು ಒತ್ತಿದ್ದು ಎರಡನೇದು ಸಾರ್."

ಎರಡು ಗಾಣಗಳನ್ನೂ ಓಡಿಸುವ ಗುಂಡಿಗಳು ಕಂಪ್ಯೂಟರಿನಲ್ಲೇ ಇದ್ದವು. ಒಂದೊಂದು ಗಾಣದ ವೈರು ಒಂದೊಂದು ಅಡಾಪ್ಟರಿನ ಮೂಲಕ ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಸೇರಿತ್ತು. ಎರಡು ಅಡಾಪ್ಟರೂ ತದ್ರೂಪು.

"ಕಂಪ್ಯೂಟರ್‌ಗೆ ಗುರುತು ಸಿಗಲ್ವೇನಮ್ಮ?"

"ಇಲ್ಲ ಸಾರ್. ಯಾವ ತೂತಲ್ಲಿ ಐತೆ ಅಂತ ಮಾತ್ರ ನೋಡುತ್ತೆ. ಅದ್ಕೇ ಒಂದನೇದಕ್ಕೆ ನೇಲ್ ಪಾಲಿಶ್ ಬೊಟ್ಟು ಇಟ್ಟಿದ್ದೆ."

ಈಗ ಎರಡಕ್ಕೂ ಕೆಂಪು ಬೊಟ್ಟು. ಆಯುಧಪೂಜೆಗೆ ಶಿವರಾಜು ಎಲ್ಲ ಬಿಚ್ಚಿ, ಒರೆಸಿ, ಕುಂಕುಮ ಇಟ್ಟು ಮತ್ತೆ ಸಿಕ್ಕಿಸಿದ್ದ. ಕಾನ್‌ಸ್ಟೇಬಲ್ ಭಾಗ್ಯಲಕ್ಷ್ಮಿ ಒದ್ದೆ ಹತ್ತಿಯಿಂದ ಉಜ್ಜಿದರು. ಒಂದು ಬೊಟ್ಟು ಅಳಿಸಿಹೋಯಿತು. ಅಳಿಯದ ನೇಲ್ ಪಾಲಿಶ್ ಬೊಟ್ಟಿನ ಅಡಾಪ್ಟರು ಎರಡನೇ ತೂತಿನಲ್ಲಿತ್ತು.

ಅದಲುಬದಲು; ಎರಡನೇ ಗುಂಡಿ ಒತ್ತಿದರೆ ಒಂದನೇ ಗಾಣ ತಿರುಗುತ್ತಿತ್ತು. ಕಣ್ತಪ್ಪು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಬ್ಬದ ರಜೆ ಮುಗಿದು ಬೆಳಗಿನಿಂದ ಗಾಣ ಓಡಿಸಿದವನಿಗೆ ಇದು ಗೊತ್ತಾಗದೆ ಇದ್ದೀತೆ? ಚಲುವರಾಜು ಗಾಣಗಳ ಮೇನ್ ಸ್ವಿಚ್ ಆಫ್ ಮಾಡಿಸಿ, ಕೂಲಿಯಾಳು ಮರಿಯಯ್ಯನಿಗೆ ಎರಡನೇ ಗಾಣದೊಳಗೆ ಕೈಯಿಡಲು ಹೇಳಿದರು. ಆಮೇಲೆ ಶಿವರಾಜುವನ್ನು ಕರೆಸಿದರು. ಕರೆಂಟಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ.

"ಒಂದನೇ ಗಾಣ ಓಡಿಸು."

ಶಿವರಾಜುವಿನ ಬೆರಳು ಗುಂಡಿಯ ಮೇಲೆ ನಿಂತಿತು. ಕಣ್ಣು ಕಿಟಕಿಯಾಚೆ ಮರಿಯಯ್ಯನ ಕೈಯ ಮೇಲಿತ್ತು.

"ಒತ್ತು. ಅವನಿರೋದು ಎರಡನೇದರ ಹತ್ತಿರ ತಾನೇ?"

"ಆಗಕಿಲ್ಲ ಸಾರ್... ಲೇ ಮರಿಯಯ್ಯ, ಕೈ ತಗಿಯಲಾ!"

"ಯಾವಾಗ ಗೊತ್ತಾಯ್ತು?"

"ಬೆಳಿಗ್ಗೇನೇ," ಎಂದು ಅವನು ಗುಂಡಿಯಿಂದ ಬೆರಳು ತೆಗೆದ.

ಸಂಜೆ ಆರಕ್ಕೆ ದಸ್ತಗಿರಿಯಾಯಿತು. ಅರ್ಪಿತಳನ್ನು ಮನೆಗೆ ಕಳಿಸಿದರು. ಠಾಣೆಯಲ್ಲಿ ಶಿವರಾಜು ತಲೆಯೆತ್ತದೆ ಹೇಳಿದ: "ಪೂಜೆ ದಿನ, ಬೊಟ್ಟು ನೋಡ್ಕಂಡ್ ಹಾಕಣ್ಣ ಅಂದ್ಲು ಆ ಹುಡ್ಗಿ. ನಂಗೇ ಹೇಳ್ಕೊಡ್ತೀಯೇನಮ್ಮ ಅಂತ ಎಲ್ರ ಮುಂದೆ ನಗಾಡ್ದೆ. ತಪ್ಪಾಗೈತೆ ಅಂತ ಅವ್ಳ್ ಮುಂದೆ ಹೆಂಗ್ ಹೇಳ್ಲಿ ಸಾರ್? ಉಂಡ್ಕಂಡ್ ಬಂದು ಸುಮ್ನೆ ಬದ್ಲಾಯ್ಸಣ ಅನ್ಕಂಡೆ. ಅಷ್ಟ್ರಲ್ಲಿ ಅವ್ಳು ಬಂದು ಕೂತ್ಬುಟ್ಟಿದ್ಲು."

ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮ ಎಲ್ಲ ಕೇಳಿಸಿಕೊಂಡಳು.

"ಅಷ್ಟುಕ್ಕೇಯಾ ಸಾರ್?" ಎಂದಳು.

ಚಲುವರಾಜು ಅವಳಿಗೆ ಕುರ್ಚಿ ಎಳೆದುಕೊಟ್ಟರು.