ಕಡವಿನಕೊಪ್ಪದ ಕೆರೆಯಲ್ಲಿ ಮೀನಿಲ್ಲ!

ಜೆಸಿಬಿಯ ಬಕೆಟ್ ನನ್ನ ನೆತ್ತಿಯ ಮೇಲೆ ಬಂದು ನಿಂತಿತು.

ನಾನು ಛತ್ರದ ಮೆಟ್ಟಿಲ ಮೇಲೆ ಕೂತಿದ್ದೆ. ಕಾಲ ಮೇಲೆ ಕಾಲು ಹಾಕಿಕೊಂಡು!

ಧೈರ್ಯ ಅಂದುಕೊಳ್ಳಬೇಡಿ... ಕಾಲು ನಡುಗುವುದು ಅವರಿಗೆ ಕಾಣಬಾರದಲ್ಲ, ಅದಕ್ಕೆ.

"ಎದ್ದೇಳೇ ಉಚ್ಚಂಗಿ!" ಚೌಡೇಶ್ ಕೂಗಿದ. "ಇಲ್ಲಾಂದ್ರ ಕಲ್ಲಿನ ಜೊತಿ ನೀನೂ ಟಿಪ್ಪರ್‌ಗೆ ಹೋಗ್ತಿ!"

"ಎತ್ತಿ ನೋಡಲೇ. ನನ್ನ ತೂಕಕ್ಕೆ ನಿನ್ನ ಟಿಪ್ಪರ್ ಟೈರೇ ಸಿಡೀತದ!"

ನನ್ನ ಹೆಸರು ಉಚ್ಚಂಗಮ್ಮ. ಶಿಕಾರಿಪುರ–ಸೊರಬ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವಳು. ಹೆಂಗಸರ ಸೀಟಿನಿಂದ ಏಳದ ಒಬ್ಬ ದೊಡ್ಡ ಮನುಷ್ಯನನ್ನು ಕಾಲರ್ ಹಿಡಿದು ಇಳಿಸಿದೆ. ಅವನು ಬಸ್ಸಿನಿಂದ ಇಳಿದ, ನಾನು ಕೆಲಸದಿಂದ ಇಳಿದೆ! ಅಂದಿನಿಂದ, ಬೇರೆಯವರು ಮಾಡಲು ಹೆದರುವ ಕೆಲಸವೇ ನನ್ನ ಕೆಲಸ. ಕದ್ದುಹೋದ ಟ್ರ್ಯಾಕ್ಟರ್ ಹುಡುಕುವುದು, ಗದ್ದೆಯ ಬದು ತಿಂದವನನ್ನು ಹಿಂದಕ್ಕೆ ತಳ್ಳುವುದು... ಹೀಗೆ.

ಈ ಕೆಲಸ ಕೊಟ್ಟವರು ಶಿರಾಳಕೊಪ್ಪದ ಶಕುಂತಲಮ್ಮ. ಕಾಳುಕಡಿ ಮಂಡಿಯ ಯಜಮಾನಿ. ಅವರ ಅಜ್ಜ ಪರಮಶಿವಪ್ಪ, ಗಾಡಿ ಹೊಡೆದುಕೊಂಡು ಬರುವವರಿಗೆ ನೆರಳಿರಲಿ ಎಂದು ಕಡವಿನಕೊಪ್ಪದ ಕೆರೆ ಏರಿಗೆ ಒರಗಿಸಿ ಕಟ್ಟಿಸಿದ ಕಲ್ಲಿನ ಛತ್ರ ಇದು. ಕೆಡವಲು ನಿಂತಿರುವವನು ಹೊರಗಿನವನಲ್ಲ. ಆಕೆಯ ಅಣ್ಣನ ಮಗ, ಸಿದ್ಧಲಿಂಗೇಶ್! ಈ ಚೌಡೇಶ್ ಅವನ ಬಂಟ.

ಛತ್ರದ ಹಿಂಗೋಡೆಯೇ ಏರಿಗೆ ಆಸರೆ. ಗೋಡೆ ಬಿದ್ದರೆ ಏರಿ ಕುಸಿಯುತ್ತದೆ. ಏರಿ ಕುಸಿದರೆ ಕೆರೆ ಖಾಲಿ. ಖಾಲಿ ಕೆರೆಯಲ್ಲಿ ಸೈಟುಗಳು. ಬೋರ್ಡ್ ಆಗಲೇ ನೆಟ್ಟಿದ್ದ... 'ಲೇಕ್ ವ್ಯೂ ಎನ್‌ಕ್ಲೇವ್'!

ಕೆರೆಯನ್ನು ಕೊಂದು ಅದರ ಹೆಸರನ್ನೇ ಮಾರುವವನಿಗೆ ಏನನ್ನಬೇಕು ಹೇಳಿ? ಆ ಬೋರ್ಡ್ ಕಂಡಾಗಲೆಲ್ಲ ನನ್ನ ಮೈ ಉರಿದುಹೋಗುತ್ತಿತ್ತು.

"ನಾಗೇಶಾ, ಬಕೆಟ್ ಇಳಿಸೋ!" ಚೌಡೇಶ್ ಡ್ರೈವರ್‌ಗೆ ಅಬ್ಬರಿಸಿದ.

ನಾಗೇಶನ ಮುಖ ಬಿಳಿಚಿತ್ತು. ನನ್ನ ಬಸ್ಸಿನಲ್ಲೇ ಐಟಿಐಗೆ ಹೋಗಿ ಬಂದವನು.

"ಆಗಲ್ಲ ಅಣ್ಣ... ಅಕ್ಕ ಕೂತಿದಾಳೆ!"

ಅಷ್ಟು ಹೇಳಿ ಇಳಿದು ಓಡಿದ. ಚೌಡೇಶ್ ಅವನ ಹಿಂದೆ ಹೋದ. ನಾನು ಕ್ಯಾಬಿನ್ ಹತ್ತಿ ಕೀ ಕಿತ್ತುಕೊಂಡು ನನ್ನ ಸ್ಕೂಟಿ ಏರಿದೆ!

ಹಿಂದೆ ಚೌಡೇಶನ ಬೊಲೆರೊ ಗುಡುಗಿತು.

ಶಿರಾಳಕೊಪ್ಪದವರೆಗೂ ಬೆನ್ನು ಬಿಡಲಿಲ್ಲ. ಒಮ್ಮೆ ಬಂಪರ್ ನನ್ನ ಮಡ್‌ಗಾರ್ಡ್‌ಗೆ ತಗುಲಿತು. ಸ್ಕೂಟಿ ಚರಂಡಿಯ ಅಂಚಿಗೆ ಹೋಗಿ ಹೇಗೋ ನೆಟ್ಟಗಾಯಿತು. ಅವತ್ತು ಸಂತೆ! ನೇರ ಒಳಗೆ ನುಗ್ಗಿಸಿದೆ. ಈರುಳ್ಳಿ ರಾಶಿ, ಬಳೆ ಅಂಗಡಿ, ಬೈಗುಳ... ಬೊಲೆರೊ ಮೆಣಸಿನಕಾಯಿ ಮೂಟೆಗಳ ನಡುವೆ ಸಿಕ್ಕಿಕೊಂಡಿತು. ಚೌಡೇಶ್ ಇಳಿದು ಓಡಿ ಬಂದ. ಸ್ಟ್ಯಾಂಡಿನಿಂದ ಸೊರಬದ ಬಸ್ಸು ಆಗತಾನೇ ಹೊರಡುತ್ತಿತ್ತು. ಸ್ಕೂಟಿ ಅಲ್ಲೇ ಬಿಸಾಕಿ ಫುಟ್‌ಬೋರ್ಡಿಗೆ ಹಾರಿದೆ.

"ರೈಟ್!" ಎಂದು ನಾನೇ ಕೂಗಿದೆ. ಹಳೆಯ ಚಟ!

ಚೌಡೇಶ್ ಕಿಟಕಿಯ ಪಕ್ಕ ಓಡುತ್ತಾ ಕಿರುಚಿದ. "ಇನ್ನೊಂದು ಕೀ ಐತಲೇ! ನಾಳಿ ಭಾನುವಾರ... ಛತ್ರ ಇರಂಗಿಲ್ಲ!"

ಭಾನುವಾರ. ಸೋಮವಾರವೂ ಸರ್ಕಾರಿ ರಜೆ. ಇಂಥವರು ಯಾವತ್ತೂ ರಜೆಯ ದಿನವೇ ಕೆಡವುವುದು, ಗಮನಿಸಿದ್ದೀರಾ?

ಬಸ್ಸಿನಲ್ಲೇ ಫೋನ್ ಹಚ್ಚಿದೆ. ವಕೀಲರು, "ಸ್ಟೇ ಸಿಗತ್ತೆ, ಆದ್ರೆ ಮಂಗಳವಾರ" ಎಂದರು. ದೊಡ್ಡ ಆಫೀಸರ್ ಮೊಬೈಲ್ ಸ್ವಿಚ್ ಆಫ್! ಠಾಣೆಯಲ್ಲಿ ಒಬ್ಬರು ಆಕಳಿಸುತ್ತಾ, "ಇದು ಸಿವಿಲ್ ಮ್ಯಾಟರ್ ಕಣಮ್ಮ" ಎಂದರು. ಕಟ್ಟಡ ಬಿದ್ದ ಮೇಲೆ ಮಹಜರಿಗೆ ಮಾತ್ರ ಜೀಪು ತುಂಬ ಬರುತ್ತಾರೆ!

ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದ್ದು ಕಡವಿನಕೊಪ್ಪದವರ ಮೇಲೆ. ಬಕೆಟ್ ನನ್ನ ತಲೆಯ ಮೇಲಿದ್ದಾಗ ಒಬ್ಬ... ಒಬ್ಬನಾದರೂ ಹೊರಗೆ ಬಂದನೇ? ಅರ್ಧ ಊರಿಗೆ ಸೈಟಿನ ಆಸೆ, ಇನ್ನರ್ಧಕ್ಕೆ ಚೌಡೇಶನ ಭಯ. ಅವರ ಮದುವೆ, ತಿಥಿ, ಪಂಚಾಯ್ತಿ ಎಲ್ಲ ನಡೆದಿದ್ದು ಅದೇ ಛತ್ರದಲ್ಲಿ. ಥೂ!

ಆಗ ನನ್ನ ಮೊಣಕಾಲಿಗೆ ಏನೋ ಚುಚ್ಚಿತು.

ಕೂಣಿ! ಬಿದಿರಿನಲ್ಲಿ ಹೆಣೆದ, ತಳವಿಲ್ಲದ ಮೀನಿನ ಬುಟ್ಟಿ. ಮುಂದಿನ ಸೀಟಿನವನು ಎಲ್ಲೋ ಕೆರೆ ಬೇಟೆಗೆ ಹೊರಟಿದ್ದ.

ನಮ್ಮ ಕಡೆಯ ಬೇಟೆ ಗೊತ್ತಲ್ಲ? ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರಿನವರು ಡಂಗುರ ಹೊಡೆಸುತ್ತಾರೆ. ಸುತ್ತಲ ಹಳ್ಳಿಗಳ ಗಂಡಸರೆಲ್ಲ ಕೂಣಿ ಹಿಡಿದು ಒಂದೇ ಕೂಗಿಗೆ ಕೆರೆಗೆ ನುಗ್ಗುತ್ತಾರೆ. ಸಾರಿದ ಮೇಲೆ ರದ್ದು ಮಾಡುವಂತಿಲ್ಲ. ಬಂದವನನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಸೊರಬದ ಬಸ್ಸು ಹೋಗುವುದೇ ಕಡವಿನಕೊಪ್ಪದ ಮೇಲೆ. ಅಲ್ಲೇ ಇಳಿದೆ. ಕೆರೆಯ ಯಜಮಾನಿಕೆ ಪುಟ್ಟಪ್ಪನ ಮನೆಯವರದು. ಅವನು ಹೇಳಿದರೇ ಬೇಟೆ.

"ನಾಳೇನಾ?" ಪುಟ್ಟಪ್ಪ ಬಾಗಿಲು ಹಾಕಿ ಪಿಸುಗುಟ್ಟಿದ. "ಬ್ಯಾಡ ಮಾರಾಯ್ತಿ. ಆ ಚೌಡೇಶ ನನ್ನ ಕೈಕಾಲು ಮುರೀತಾನೆ."

"ಮುರೀಲಿ! ಕೆರೆ ಹೋದ್ಮೇಲೆ ಕೈಕಾಲು ಇಟ್ಕೊಂಡು ಏನ್ ಮಾಡ್ತಿ? ಲೇಔಟ್ ಗೇಟಲ್ಲಿ ಸೆಲ್ಯೂಟ್ ಹೊಡೀತಿಯಾ?"

"ಹಂಗನ್ಬ್ಯಾಡ..."

"ಅನ್ನೋದೇ! ನಿಮ್ಮಪ್ಪ ಏರಿಗೆ ಮಣ್ಣು ಹೊತ್ತಿದ್ದು ಸಿದ್ಧಲಿಂಗೇಶ ಸೈಟ್ ಮಾರ್ಲಿ ಅಂತನಾ?"

ಅವನ ಮುಖ ಕೆಂಪಾಯಿತು. ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ.

"ಒಂದು ಮಾತು. ಸಾರಿದ್ಮೇಲೆ ಮೀನು ಸಿಗದೇ ಹೋದ್ರೆ ಜನ ಮೊದ್ಲು ಹಿಡಿಯೋದು ನನ್ನ. ಆಮೇಲೆ ನಿನ್ನ."

"ನಿನ್ನ ಕೆರೇಲಿ ಮೀನೈತೆ ತಾನೆ?"

"ಕೂಣಿ ಒತ್ತಿದಲ್ಲೆಲ್ಲ ಐತೆ!"

ಡಂಗುರ ಹೊಡೆದ ಸದ್ದು ಕೇಳಿದ ಮೇಲೆ ನಾನು ನನ್ನ ಹಳೆಯ ಬಳಗಕ್ಕೆ ಫೋನ್ ಮಾಡಿದೆ. ಸೊರಬ, ಶಿಕಾರಿಪುರ, ಆನವಟ್ಟಿ... ಕಂಡಕ್ಟರ್‌ಗಳು ಪ್ರತಿ ಸ್ಟಾಪಿನಲ್ಲೂ ಕೂಗಿದರು. "ಕಡವಿನಕೊಪ್ಪ! ನಾಳೆ ಬೆಳಗ್ಗೆ ಬೇಟೆ!" ಉಡುತಡಿಯಿಂದ ಗುಡವಿಯವರೆಗೆ ಸುದ್ದಿ ಮುಟ್ಟಲು ಸಂಜೆಯಾಗಲಿಲ್ಲ.

ಕೊನೆಗೆ ಶಕುಂತಲಮ್ಮನಿಗೆ ಹೇಳಿದೆ.

"ನಮ್ಮಜ್ಜನ ಛತ್ರದ ಮುಂದ... ಮೀನಾ? ಶಿವ ಶಿವ!"

"ಛತ್ರ ಬೇಕಾ, ಬೇಡ್ವಾ ಅಮ್ಮಾ?"

"ನಾ ಏನೂ ಕೇಳ್ಲಿಲ್ಲ" ಎಂದು ಫೋನ್ ಇಟ್ಟರು.

ಭಾನುವಾರ ಬೆಳಗ್ಗೆ ಏರಿಯ ಮೇಲೆ ಕಾಲಿಡಲು ಜಾಗವಿಲ್ಲ! ಟೆಂಪೊ, ಟ್ರ್ಯಾಕ್ಟರ್, ಬೈಕು... ಎಲ್ಲರ ಹೆಗಲಲ್ಲೂ ಕೂಣಿ. ಛತ್ರದ ಕಂಬಗಳಿಗೆ ಒರಗಿ ಬೀಡಿ ಸೇದುವವರು, ಪಡಸಾಲೆಯಲ್ಲಿ ಅವಲಕ್ಕಿ ತಿನ್ನುವವರು. ಈ ಜನರ ನಡುವೆ ಜೆಸಿಬಿ ಎಲ್ಲಿಂದ ಬರುತ್ತೆ? ನನಗೆ ನಗು ಬಂತು.

ಪುಟ್ಟಪ್ಪ ನನ್ನ ತೋಳು ಹಿಡಿದೆಳೆದ.

"ನೀರಿನ ಮೇಲೆ ಕೊಕ್ಕರೆ ಒಂದೂ ಇಲ್ಲಲ್ಲೇ..."

ದಡದತ್ತ ಬೆರಳು ತೋರಿಸಿದ. ಕೆಸರಿನಲ್ಲಿ ಅಗಲವಾದ ಬಲೆ ಎಳೆದ ಗುರುತು. ಪಕ್ಕದಲ್ಲಿ ಟಿಪ್ಪರ್ ಚಕ್ರದ ಗುರುತು.

ರಾತ್ರೋರಾತ್ರಿ ಮೀನೆಲ್ಲ ಎತ್ತಿ ಕೆರೆ ಬಳಿದಿದ್ದರು! ಪೂರ್ತಿ!

ಸಿದ್ಧಲಿಂಗೇಶನ ಲೆಕ್ಕ ನನಗೆ ಆಮೇಲೆ ಅರ್ಥವಾಯಿತು. ಅವನು ಮಂಡಿಯ ಮನೆಯಲ್ಲಿ ಬೆಳೆದವನು. ಅಲ್ಲಿ ಸ್ಟಾಕ್ ಇಲ್ಲ ಅಂದರೆ ಗಿರಾಕಿ ಸುಮ್ಮನೆ ವಾಪಸ್ ಹೋಗುತ್ತಾನೆ. ಮೀನು ಖಾಲಿಯಾದರೆ ಈ ಜನವೂ ಮನೆಗೆ ಹೋಗುತ್ತಾರೆ, ಆಮೇಲೆ ಆರಾಮಾಗಿ ಕೆಡವಬಹುದು ಅಂದುಕೊಂಡ. ಬೇಟೆಗೆ ಮುಂಚೆ ಕೆರೆ ಬಳಿಯುವುದು ಎಂಥ ಪಾಪ ಅಂತ ಅವನಿಗೆ ಹೇಳಿದವರೇ ಇಲ್ಲ. ಕೆರೆಯ ದಂಡೆಯಲ್ಲಿ ಒಂದು ದಿನ ನಿಂತಿದ್ದರೆ ತಾನೆ!

"ನಿಲ್ಲಿಸಿಬಿಡ್ಲಾ?" ಪುಟ್ಟಪ್ಪ ಕೇಳಿದ.

ನಿಲ್ಲಿಸಿದರೆ ಜನ ಚದುರುತ್ತಾರೆ. ಛತ್ರ ಮಧ್ಯಾಹ್ನಕ್ಕೆ ಮಣ್ಣು. ಬಿಟ್ಟರೆ ನಮ್ಮಿಬ್ಬರ ಎಲುಬು ಪುಡಿ.

"ಕೂಗು ಹಾಕು" ಅಂದೆ.

"ಹೋಯ್!"

ಇಡೀ ಏರಿ ಕೆರೆಗೆ ಬಿದ್ದಂತಾಯಿತು! ಕೂಗು, ಕೆಸರು, ಕೂಣಿಗಳು ನೀರಿಗೆ ಬಡಿಯುವ ಸದ್ದು. ಒತ್ತುತ್ತಾರೆ, ಕೈ ಹಾಕುತ್ತಾರೆ... ಖಾಲಿ. ಮತ್ತೆ ಒತ್ತುತ್ತಾರೆ... ಖಾಲಿ. ಮೆಲ್ಲಗೆ ಕೂಗು ನಿಂತಿತು. ಆ ಮೌನ ಇದೆಯಲ್ಲ, ಬಕೆಟ್ ತಲೆಯ ಮೇಲಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

"ಪುಟ್ಟಪ್ಪ ಎಲ್ಲಿ?" ಯಾರೋ ಕೇಳಿದರು.

"ಕಳ್ಳ! ಮೊದ್ಲೇ ಬಳ್ಕಂಡು ನಮ್ಮನ್ನ ಕರ್ಸಿದಾನೆ!"

ಕೆಸರು ಮೆತ್ತಿದ ಜನ ಏರಿ ಹತ್ತಿ ಬಂದರು. ಒಬ್ಬ ಪುಟ್ಟಪ್ಪನ ಅಂಗಿ ಹಿಡಿದ. ನಾನು ನಡುವೆ ನುಗ್ಗಿದೆ. ಒಂದು ಏಟು ನನ್ನ ದವಡೆಗೆ ಬಿತ್ತು. ಬಾಯಲ್ಲಿ ರಕ್ತದ ರುಚಿ!

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಸಿದ್ಧಲಿಂಗೇಶನ ಬಿಳಿ ಕಾರು ಕಂಡಿತು. ಹಿಂದೆ ಜೆಸಿಬಿ. ಅದರ ಹಿಂದೆ ಚೌಡೇಶನ ಟಿಪ್ಪರ್.

ಟಿಪ್ಪರ್ ಹತ್ತಿರ ಬಂದಂತೆ ಗಾಳಿಯೇ ನಾರಿತು.

"ಮೂಸ್ರೋ!" ಎಂದು ಕಂಡಕ್ಟರ್ ಗಂಟಲಲ್ಲಿ ಕೂಗಿದೆ. "ನಿಮ್ಮ ಮೀನು ಯಾರ ಗಾಡೀಲಿತ್ತು ಅಂತ ಮೂಸಿ ನೋಡ್ರೋ!"

ಯಾರೋ ಟಿಪ್ಪರ್ ಹತ್ತಿ ಒಳಗಿನಿಂದ ಒದ್ದೆ ಬಲೆ ಎತ್ತಿ ಹಿಡಿದ. ಬಿಸಿಲಿಗೆ ಮೀನಿನ ಪೊರೆ ಮಿನುಗಿತು. ಪುಟ್ಟಪ್ಪನ ಅಂಗಿ ಹಿಡಿದಿದ್ದ ಕೈ ಸಡಿಲವಾಯಿತು.

ಆಮೇಲೆ ನಡೆದದ್ದು ನನಗೂ ಪೂರ್ತಿ ನೆನಪಿಲ್ಲ. ಚೌಡೇಶ್ ಟಿಪ್ಪರ್ ಬಿಟ್ಟು ಗದ್ದೆಯಲ್ಲಿ ಓಡಿದ. ಚಪ್ಪಲಿ ಮಾತ್ರ ಇಲ್ಲೇ ಉಳಿಯಿತು! ಕಾರಿನ ಗಾಜು ಪುಡಿಯಾಯಿತು. ಸಿದ್ಧಲಿಂಗೇಶ್ ಇಳಿದು ದಿಕ್ಕುಗೆಟ್ಟು ಓಡಿ... ಓಡಿ ಎಲ್ಲಿಗೆ ಹೋದ ಗೊತ್ತೇ?

ಛತ್ರದೊಳಗೆ! ಹಳೆಯ ಹೊನ್ನೆ ಮರದ ಬಾಗಿಲು ಹಾಕಿ ಅಗಳಿ ಬಿಗಿದುಕೊಂಡ.

"ಬಾಗ್ಲು ಒಡೀರಿ!"

"ಹೆಂಚು ತೆಗೀರಿ! ಎಳ್ದು ಹಾಕ್ರಿ!"

ನೋಡಿ ನನ್ನ ಕರ್ಮ! ಅವನಿಂದ ಛತ್ರ ಉಳಿಸಲು ಕರೆಸಿದ ಜನವೇ ಈಗ ಛತ್ರ ಒಡೆಯಲು ಬಂದಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಮುಟ್ಟಿದ್ರೆ ಕೈ ಮುರೀತೀನಿ!" ಕಿರುಚಿದೆ. ಅಳು ಬರುತ್ತಿತ್ತು, ಸಿಟ್ಟಿಗೆ. "ಒಂದು ಕಲ್ಲು ಅಲುಗಿದ್ರೆ ಇವನೇ ಗೆದ್ದಂಗೆ! ಈ ಗೋಡೆ ಬಿದ್ರೆ ಏರಿ ಒಡೀತದೆ. ಏರಿ ಒಡೆದ್ರೆ ನಿಮ್ಮ ಕೂಣಿ ಒಲೆಗೆ ಹಾಕ್ಕೊಳ್ಳಿ!"

ಮುಂದಿದ್ದವರು ನಿಂತರು. ಹಿಂದಿನವರು ತಳ್ಳುತ್ತಲೇ ಇದ್ದರು. ಆಗ ಕಡವಿನಕೊಪ್ಪದ ಹೆಂಗಸರು ಬಂದರು. ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ, ನನ್ನ ಎರಡೂ ಕಡೆ ನಿಂತರು. ನಿನ್ನೆ ಬಾಗಿಲು ಹಾಕಿಕೊಂಡಿದ್ದವರು ಇವರೇ. ಬೈಯಬೇಕು ಅನ್ನಿಸಿತು. ಸರಿದು ಜಾಗ ಕೊಟ್ಟೆ.

ಶಕುಂತಲಮ್ಮ ಆಟೋದಲ್ಲಿ ಬಂದಾಗ ಜನ ದಾರಿ ಬಿಟ್ಟರು. ವಿಭೂತಿ, ಬಿಳಿ ಸೀರೆ. ಕೆಸರಿನಲ್ಲಿ ನಡೆದು ಬಂದು ಬಾಗಿಲು ತಟ್ಟಿದರು.

"ಸಿದ್ಧಲಿಂಗಾ, ನಾನು. ತೆಗಿ."

"ಕೊಲ್ತಾರ ಅತ್ತೀ!"

"ಈ ಗೋಡಿ ಇರೋತನಕ ಕೊಲ್ಲಂಗಿಲ್ಲ. ತೆಗಿ."

ಬಾಗಿಲು ತೆರೆಯಿತು. ಪುಟ್ಟಪ್ಪ ಮುಂದೆ ಬಂದ. ಈಗ ಅವನು ಪಿಸುಗುಟ್ಟಲಿಲ್ಲ.

"ಬಳ್ದೋನು ತುಂಬಬೇಕು. ಅದು ಕೆರೆ ಕಟ್ಟಳೆ. ಮಳೆ ಹಿಡಿದ್ಮೇಲೆ ಮರಿ ತಂದು ಬಿಡು. ಬರೋ ವರ್ಷ ಇದೇ ಕೆರೇಲಿ ಇಷ್ಟೂ ಜನಕ್ಕೆ ಬೇಟೆ ಕೊಡಬೇಕು."

"ಕೊಡಬೇಕು!" ಏರಿ ಪೂರ್ತಿ ಗುಡುಗಿತು.

ಬೇಟೆ ಕೊಡಬೇಕೆಂದರೆ ಕೆರೆ ಇರಬೇಕು. ಕೆರೆ ಇರಬೇಕೆಂದರೆ ಛತ್ರ ಇರಬೇಕು. ಸಿದ್ಧಲಿಂಗೇಶ್ ಅತ್ತೆಯ ಮುಖ ನೋಡಿದ. ಆಕೆ ಅವನ ಕೈ ಹಿಡಿದು ಛತ್ರದ ಕಂಬದ ಮೇಲೆ ಇಟ್ಟರು. ಅಷ್ಟು ಜನರ ಎದುರು ಆಣೆ ಮಾಡಿದ. ಜೆಸಿಬಿ ರಿವರ್ಸ್‌ನಲ್ಲೇ ಹೋಯಿತು, ತಿರುಗಿಸಲು ಜಾಗ ಕೊಡಲಿಲ್ಲ. ಸೋಮವಾರ ಪೂರ್ತಿ ಹಳ್ಳಿಗೊಬ್ಬರಂತೆ ಕಾವಲಿಗೆ ಛತ್ರದಲ್ಲೇ ಮಲಗಿದರು. ಮಂಗಳವಾರ ಸ್ಟೇ ಬಂತು.

ಪೊಲೀಸರೂ ಬಂದರು. ಯಾರ ಮೇಲೆ ಕೇಸ್? ಕೆರೆ ಬಳಿದವನ ಮೇಲಾ? ನಮ್ಮ ಮೇಲೆ ಸ್ವಾಮಿ! ಪರವಾನಗಿ ಇಲ್ಲದೆ ಜನ ಸೇರಿಸಿದ್ದಕ್ಕೆ ನಾನು ಒಂದನೇ ಆರೋಪಿ, ಪುಟ್ಟಪ್ಪ ಎರಡನೆಯವನು.

"ಇನ್ನೊಮ್ಮೆ ಇಂಥಾ ಕೆಲಸ ಮಾಡಲ್ಲ ಅಂತ ಮುಚ್ಚಳಿಕೆ ಬರೆದುಕೊಡು" ಎಂದು ಇನ್ಸ್‌ಪೆಕ್ಟರ್ ಹಾಳೆ ಮುಂದಕ್ಕೆ ತಳ್ಳಿದರು. "ಬಿಟ್ಟುಬಿಡ್ತೀನಿ."

ಪೆನ್ನು ತೆಗೆದುಕೊಂಡೆ. ದವಡೆ ಇನ್ನೂ ನೋಯುತ್ತಿತ್ತು. ದಪ್ಪ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಹಾಳೆ ಅವರತ್ತ ತಿರುಗಿಸಿದೆ.

'ಬರುವ ಬೇಸಿಗೆಗೆ ಕಡವಿನಕೊಪ್ಪದಲ್ಲಿ ಮತ್ತೆ ಬೇಟೆ. ಸಾಹೇಬರು ಕೂಣಿ ಸಮೇತ ಬರಬೇಕು!'