ಅಮಾವಾಸ್ಯೆಯ ನಾಲ್ಕು ರೊಟ್ಟಿ

"ಇದು ರೊಟ್ಟಿ ಅಲ್ಲ, ರೋಣ ತಾಲೂಕಿನ ನಕಾಶಿ," ಅಂದಳು ಸಕ್ರವ್ವ. "ದುಂಡಗ ಬಡಿ."

"ಲಗೂ ಬಡಿ ಅಂತಿ, ದುಂಡಗ ಬಡಿ ಅಂತಿ. ಯಾವುದರ ಒಂದ ಹೇಳ, ಆಯಿ," ಅಂದಳು ಕಳಕವ್ವ. ಅವಳ ಮೂಗಿನ ತುದಿಗೂ ಜೋಳದ ಹಿಟ್ಟು ಹತ್ತಿತ್ತು.

ಹೊರಗೆ ಬಾವಿಯ ಗಡಗಡಿ ಕಿರ್ ಅಂದಿತು. ಯಮನೂರಸಾಬಜ್ಜ ಎರಡನೆಯ ಕೊಡ ಸೇದುತ್ತಿದ್ದ. ಅಂದರೆ ಮ್ಯಾನೇಜರ್ ಸಾಹೇಬರು ಇನ್ನೇನು ಅಡುಗೆಮನೆಗೆ ಬರುವವರು. ರೊಟ್ಟಿ ಇನ್ನೊಂದು ಬಾಕಿ ಇತ್ತು.

ಗಜೇಂದ್ರಗಡದ ಗುಡ್ಡದ ಕೆಳಗಿದ್ದ ಆ ಮನೆಗೆ ಊರವರು ಮುದುಕರ ಮನಿ ಅನ್ನುತ್ತಿದ್ದರು. ನೋಡಿಕೊಳ್ಳುವವರಿಲ್ಲದ ಮುದುಕ ಮುದುಕಿಯರಿಗೆಂದು ವ್ಯಾಪಾರಿಗಳು ಕೂಡಿ ಕಟ್ಟಿಸಿದ್ದು. ಅದರಲ್ಲಿ ಮೂರು ಭಾಗ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು ಮುಂದಿನ ಪಡಸಾಲೆಯಲ್ಲಿ. ಇನ್ನೊಬ್ಬರ ಕೈ ಬೇಕಾದವರು ನಡುವಿನ ಖೋಲಿಯಲ್ಲಿ. ಹಾಸಿಗೆ ಬಿಟ್ಟು ಏಳಲಾರದವರು ಒಳಗಿನ ಖೋಲಿಯಲ್ಲಿ.

ಯಾರು ಎಲ್ಲಿ ಅಂತ ಪ್ರತಿ ಅಮಾವಾಸ್ಯೆಗೆ ಪರೀಕ್ಷೆ. ಗಂಡಸರು ಎರಡು ಕೊಡ ನೀರು ಸೇದಬೇಕು. ಹೆಂಗಸರು ನಾಲ್ಕು ರೊಟ್ಟಿ ಬಡಿಯಬೇಕು. ಸಾಲಿಯಲ್ಲಿ ಪಾಸಾದವರು ಮುಂದೆ ಹೋಗುತ್ತಾರೆ. ಇಲ್ಲಿ ನಪಾಸಾದವರು ಒಳಗೆ ಹೋಗುತ್ತಾರೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು. ಈ ನಿಯಮ ಮಾತ್ರ ಹಾಗೇ ಇತ್ತು.

ಕಳಕವ್ವನ ಅವ್ವ ನೀಲವ್ವ ಒಳಗಿನ ಖೋಲಿಯವರಿಗೆ ಗಂಜಿ ಉಣಿಸುವ ಕೆಲಸಕ್ಕಿದ್ದಳು. ಅದಕ್ಕೇ ಕಳಕವ್ವ ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ಇಲ್ಲಿಗೇ ಬಂದು ಮುಂದಿನ ಪಡಸಾಲೆಯ ಸಕ್ರವ್ವನ ಜೊತೆ ಚೌಕಾಬಾರ ಆಡುತ್ತಿದ್ದಳು. ಸಕ್ರವ್ವ ಆಟದಲ್ಲಿ ಮೋಸ ಮಾಡುತ್ತಿದ್ದಳು. ಕಳಕವ್ವನೂ ಮಾಡುತ್ತಿದ್ದಳು. ಹಾಗಾಗಿ ಜಗಳ ಬರುತ್ತಿರಲಿಲ್ಲ.

ಆದರೆ ನಡುವಿನ ಖೋಲಿಯೊಳಗೆ ಹುಡುಗರು ಕಾಲಿಡಬಾರದು. ಅದೂ ಸಾಹೇಬರ ನಿಯಮ. ಸಕ್ರವ್ವ ಅಲ್ಲಿಗೆ ಹೋದರೆ ಆಟ ಮುಗಿದ ಹಾಗೆ. ಅದಕ್ಕೇ ಅವಳ ಬಲಗೈ ಮೇಲೇಳದಂತಾದಾಗಿನಿಂದ ಅಮಾವಾಸ್ಯೆಯ ರೊಟ್ಟಿ ಕಳಕವ್ವನೇ ಬಡಿಯುತ್ತಿದ್ದಳು. ಇದು ಮೂರನೆಯ ಅಮಾವಾಸ್ಯೆ. ಸಾಹೇಬರಿಗೆ ಒಲೆಯ ಹೊಗೆ ಆಗಿಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಬುಟ್ಟಿ ನೋಡಿ ಹೋಗುತ್ತಿದ್ದರು.

ಮೆಟ್ಟಿನ ಸಪ್ಪಳ ಕೇಳಿತು. ಕಳಕವ್ವ ಜಿಗಿದು ಕಟ್ಟಿಗೆಯ ಮರೆಗೆ ಕುಳಿತಳು.

ಸಾಹೇಬರು ಇವತ್ತು ಬುಟ್ಟಿ ನೋಡಿ ಹೋಗಲಿಲ್ಲ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಐದು ಬೆರಳು ಮೂಡಿದ್ದವು.

"ಸಕ್ರವ್ವ, ನಿನ್ನ ಬೆರಳು ಭಾಳ ಸಣ್ಣ ಆಗ್ಯಾವಲ್ಲ?"

"ವಯಸ್ಸಾತಲ್ರಿ. ಒಣಗ್ಯಾವು."

ಸಾಹೇಬರು ನಗಲಿಲ್ಲ. "ಒಂದು ನನ್ನೆದುರಿಗೆ ಬಡಿ, ನೋಡೋಣ."

ಸಕ್ರವ್ವ ಎಡಗೈಯಿಂದ ಬಲಗೈಯನ್ನು ಎತ್ತಿ, ಯಾರದೋ ಸಾಮಾನು ಇಟ್ಟ ಹಾಗೆ ಹಿಟ್ಟಿನ ಮೇಲೆ ಇಟ್ಟಳು. ಬಡಿದಳು. ರೊಟ್ಟಿಯ ಅಂಚು ಸೀಳಿತು. ಇನ್ನೊಮ್ಮೆ ಬಡಿದಳು. ಎರಡು ತುಂಡಾಯಿತು.

ಕಳಕವ್ವ ಕಟ್ಟಿಗೆಯ ಮರೆಯಿಂದ ಎದ್ದು ಬಂದಳು. "ಸಾಹೇಬರ, ನಾ ಬಡದೀನ್ರಿ."

"ಗೊತ್ತದ. ಮೂಗು ಒರಸಿಕೋ."

"ಇನ್ನ ಮುಂದೂ ನಾನ ಬಡೀತೀನ್ರಿ. ಬೇಕಾದ್ರ ದಿನಾ ಬಡೀತೀನಿ. ಆಯಿನ್ನ ಅಲ್ಲಿ ಹಾಕಬ್ಯಾಡ್ರಿ."

ಬೇಡ ಅಂದವರು ಸಾಹೇಬರಲ್ಲ. ಅಂದವಳು ಸಕ್ರವ್ವ.

"ರೊಟ್ಟಿ ನೀ ಬಡೀತಿ, ಖರೇ. ನನ್ನ ಹಾಸಿಗಿ ಯಾರ ಸುತ್ತತಾರ? ಕುಬಸಾ ಯಾರ ತೊಡಸ್ತಾರ? ಈ ತಲಿ ನೋಡ."

ಅವಳು ಸೆರಗು ಸರಿಸಿದಳು. ಕೂದಲು ಕುರಿಯ ಉಣ್ಣೆಯ ಹಾಗೆ ಗಂಟುಗಂಟಾಗಿತ್ತು.

"ಸಂಕ್ರಾಂತಿಗೆ ಬಾಚಿದ್ದು," ಅಂದಳು.

ಕಳಕವ್ವ ಆ ಸೆರಗನ್ನು ದಿನಾ ನೋಡುತ್ತಿದ್ದಳು. ಸೆರಗಿನ ಕೆಳಗೆ ತಲೆ ಇದೆ ಅಂತ ಅವಳಿಗೆ ಹೊಳೆದಿರಲಿಲ್ಲ.

"ಮತ್ತ ಯಾಕ ಹೇಳಲಿಲ್ಲ, ಆಯಿ?"

"ನೀ ಅಷ್ಟ ಹುರುಪಿಲೆ ಬಡೀತಿದ್ದಿ. ಹ್ಯಾಂಗ ಹೇಳ್ಲಿ? ನನಗೂ ಇಲ್ಲೇ ಇರಬೇಕಂತ ಆಸೆ ಇತ್ತು."

ಕಳಕವ್ವ ಸಕ್ರವ್ವನ ಹಾಸಿಗೆಯ ಸುರುಳಿ ಹೊತ್ತು ನಡುವಿನ ಖೋಲಿಯ ಹೊಸ್ತಿಲವರೆಗೆ ಹೋದಳು. ಒಳಗೆ, ಆ ಖೋಲಿ ನೋಡಿಕೊಳ್ಳುವ ರಾಜಮಾ ಸಕ್ರವ್ವನನ್ನು ಮಣೆಯ ಮೇಲೆ ಕೂರಿಸಿದಳು. ಎಣ್ಣೆ ಹಚ್ಚಿದಳು. ಒಂದೊಂದೇ ಗಂಟು ಬಿಡಿಸುತ್ತ ಬಾಚತೊಡಗಿದಳು.

ಸಂಜೆ ಹೊರಗೆ ಬರುತ್ತೀಯಾ ಅಂತ ಕೇಳಲು ಕಳಕವ್ವ ಬಾಯಿ ತೆರೆದಳು. ಸಕ್ರವ್ವನ ಕಣ್ಣು ಮುಚ್ಚಿದ್ದವು. ಅರ್ಧ ತಲೆ ಮುಗಿಯುವಷ್ಟರಲ್ಲಿ ಅವಳು ಕೂತಲ್ಲೇ ಸಣ್ಣಗೆ ಗೊರಕೆ ಹೊಡೆದಳು.

ಕಳಕವ್ವ ಬಾಯಿ ಮುಚ್ಚಿದಳು. ಸುರುಳಿಯನ್ನು ಮೆಲ್ಲಗೆ ಹೊಸ್ತಿಲಲ್ಲಿ ಇಟ್ಟಳು. ಬಗ್ಗಿ ಎರಡು ಕಾಲಿನ ಗೆಜ್ಜೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಹಾಗೇ ಬಗ್ಗಿಕೊಂಡು, ಕಪ್ಪೆಯ ಹಾಗೆ, ಪಡಸಾಲೆ ದಾಟತೊಡಗಿದಳು.

ಎದುರಿಗೆ ಸಾಹೇಬರು ಬಂದರು. "ಏನವಾ ಇದು?"

"ಶ್! ಮಲಗ್ಯಾಳ್ರಿ," ಅಂದಳು ಕಳಕವ್ವ, ಗೆಜ್ಜೆ ಬಿಡದೆ.