ಇಳಿದ ಮುಳ್ಳು

ಹಲ್ಲಿನ ಡಾಕ್ಟರ್ ವರ್ಕ್‌ಶಾಪಿಗೆ ಬಂದಾಗ ಅವಳು ಬೇರೊಂದು ಕಾರಿನ ಕೆಳಗೆ ಮಲಗಿದ್ದಳು. ಮೊದಲು ಕಂಡದ್ದು ಅವನ ಬೂಟುಗಳು. ಎಂದಿನಂತೆ ಬಾಗಿಲಲ್ಲಿ ಒರೆಸಿಕೊಳ್ಳದೆ ನೇರ ಒಳಗೆ ನಡೆದು ಬಂದಿದ್ದವು. ಸಿಟ್ಟಿನಲ್ಲಿದ್ದಾನೆ ಎಂದು ಅವಳಿಗೆ ಅಷ್ಟರಲ್ಲೇ ಗೊತ್ತಾಯಿತು.

"ನನ್ನ ಕಾರಿಗೆ ಏನು ಮಾಡಿದ್ರಿ?"

ಅವಳು ಹೊರಗೆ ಜಾರಿ ಬಂದಳು. ಬೇರೆ ದಿನವಾಗಿದ್ದರೆ ಅವಳ ಕೆನ್ನೆಯ ಮೇಲಿನ ಗ್ರೀಸು ನೋಡಿ, ತನ್ನ ಕೆನ್ನೆಯಲ್ಲಿ ಅದೇ ಜಾಗವನ್ನು ಬೆರಳಿನಿಂದ ತೋರಿಸುತ್ತಿದ್ದ. ಇವತ್ತು ತೋರಿಸಲಿಲ್ಲ.

ಅವನ ದೂರು ಒಂದು ಮುಳ್ಳಿನ ಮೇಲೆ. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ತೋರಿಸಲು ಡ್ಯಾಶ್‌ಬೋರ್ಡಿನಲ್ಲಿದ್ದ ಬೂಸ್ಟ್ ಮೀಟರಿನ ಮುಳ್ಳು ಮೊದಲು ಕೆಂಪು ಗೆರೆಯ ಹತ್ತಿರ ಹೋಗಿ ನಡುಗುತ್ತಿತ್ತಂತೆ. ಅವಳು ಹೊಸ ಎಕ್ಸಾಸ್ಟ್ ಕೂರಿಸಿಕೊಟ್ಟ ಮೇಲೆ ಅದು ಎಷ್ಟೋ ಕೆಳಗೇ ನಿಂತುಬಿಡುತ್ತದಂತೆ. ಎಲ್ಲೋ ಗಾಳಿ ಸೋರುತ್ತಿದೆ, ಎಂಜಿನ್ ಸೊರಗಿದೆ, ಭಾನುವಾರ ರೇಸ್ ಟ್ರ್ಯಾಕಿಗೆ ಬರುವ ಗೆಳೆಯರು ಈಗಲೇ ನಗುತ್ತಿದ್ದಾರೆ ಎಂದ.

ಅವಳು ಬಾನೆಟ್ ಎತ್ತಿ ವಿವರಿಸಿದಳು. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿನದೇ ಬೆಲ್ಟಿನಿಂದ ತಿರುಗುವ ಪಂಪು. ಅದು ಗಾಳಿಯನ್ನು ಒಳಕ್ಕೆ ತುರುಕುತ್ತದೆ. ಮೀಟರು ಅಳೆಯುವುದು ಒಳಗೆ ಹೋದ ಗಾಳಿಯನ್ನಲ್ಲ, ಹೋಗಲಾರದೆ ಬಾಗಿಲಲ್ಲಿ ಒತ್ತರಿಸಿಕೊಂಡು ನಿಂತದ್ದನ್ನು. ಹೊಸ ಎಕ್ಸಾಸ್ಟಿನಿಂದ ಹೊಗೆ ಸಲೀಸಾಗಿ ಹೊರಬೀಳುತ್ತದೆ, ಗಾಳಿಯೂ ಅಷ್ಟೇ ಸಲೀಸಾಗಿ ಒಳಹೋಗುತ್ತದೆ.

"ಥಿಯೇಟರ್ ಬಾಗಿಲಲ್ಲಿ ನೂಕುನುಗ್ಗಲು ಇಲ್ಲ ಅಂದ್ರೆ ಜನ ಬಂದಿಲ್ಲ ಅಂತಲ್ಲ, ಡಾಕ್ಟ್ರೇ. ಬಾಗಿಲು ದೊಡ್ಡದಾಗಿದೆ ಅಂತ."

ಅವನು ನಗಲಿಲ್ಲ. ಪಂಪು ಇನ್ನೂ ಜೋರಾಗಿ ತಿರುಗಲಿ, ಬೆಲ್ಟು ಸುತ್ತುವ ಗಾಲಿ ತೆಗೆದು ಅದಕ್ಕೊಂದು ಚಿಕ್ಕ ಪುಲ್ಲಿ ಹಾಕಿಕೊಡಿ ಎಂದ. ಹಾಗೆ ಹಿಂಡಿದರೆ ಗಾಳಿ ಕಾಯುತ್ತದೆ ಎಂದಳು ಅವಳು. ಸೈಕಲ್ ಪಂಪಿನ ತುದಿ ಬೆರಳು ಸುಡುವುದಿಲ್ಲವೇ, ಹಾಗೆ. ಕಾದ ಗಾಳಿ ತೆಳು. ಮುಳ್ಳು ಮೇಲೇರುತ್ತದೆ, ಗಾಳಿಯಲ್ಲಿ ಸತ್ವ ಇರುವುದಿಲ್ಲ. ಕಾವು ಮಿತಿ ಮೀರಿದರೆ ಕಿಡಿ ಹಚ್ಚುವ ಮೊದಲೇ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳುತ್ತದೆ.

"ಆಗಲ್ಲ ಅಂದ್ರೆ ಹೇಳಿಬಿಡಿ," ಎಂದ ಅವನು, ಈಗ ಮೆಲ್ಲಗೆ. "ಸೇತುವೆ ಹತ್ರ ಒಬ್ಬ ಮೆಕ್ಯಾನಿಕ್ ಇದ್ದಾನಲ್ಲ, ಹಾಕಿಕೊಡ್ತಾನಂತೆ."

ಅವನು ಇಲ್ಲಿಗೆ ಬರತೊಡಗಿ ಒಂದು ವರ್ಷವಾಗಿತ್ತು.

ಬದಲಾಯಿಸಬೇಕಿಲ್ಲದ ಆಯಿಲನ್ನು ಬದಲಾಯಿಸಲು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದವನು ಇವನು. ಅವಳು ಬೋಲ್ಟು ಬಿಗಿಯುವಾಗ ಅವನ ಕಣ್ಣು ಸ್ಪ್ಯಾನರಿನ ಮೇಲಿರುತ್ತಿತ್ತು, ಅಲ್ಲಿಂದ ಮಣಿಕಟ್ಟಿಗೆ, ಅಲ್ಲಿಂದ ಮೆಲ್ಲಗೆ ಮುಖಕ್ಕೆ ಹತ್ತಿ, ಸಿಕ್ಕಿಬಿದ್ದೊಡನೆ ಮತ್ತೆ ಬೋಲ್ಟಿಗೆ ಓಡಿಹೋಗುತ್ತಿತ್ತು. ಊರಿಗೆಲ್ಲ ಬಾಯಿ ತೆಗೀರಿ ಅನ್ನುವವನು ತನ್ನ ಬಾಯಿ ಮಾತ್ರ ತೆಗೆಯುವುದಿಲ್ಲ ಎಂದು ಅವಳ ಅಣ್ಣ ಹಾಸ್ಯ ಮಾಡುತ್ತಿದ್ದ. ಅವಳೂ ತೆಗೆದಿರಲಿಲ್ಲ. ಈ ಸ್ಟೂಲು ಖಾಲಿಯಾದರೆ ಎಂಬ ಯೋಚನೆಯೊಂದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ಬಿಟ್ಟು ಹೋಗಿ," ಎಂದಳು. "ಹಾಕಿಡ್ತೀನಿ."

ಅವನ ನಗೆ ಬಾಯಿಯ ಒಂದು ಮೂಲೆಯಲ್ಲಿ ಶುರುವಾಗಿ, ಇನ್ನೊಂದು ಮೂಲೆಯ ಅಪ್ಪಣೆ ಕೇಳಿಕೊಂಡು ಅತ್ತ ಹೋಗುವಂಥದು. ಅದಿಷ್ಟಕ್ಕಾಗಿ ಅವಳು ಹಳೆಯ ಪುಲ್ಲಿ ಕಳಚಿದಳು.

ಅಣ್ಣ ಬಂದು ನೋಡಿದ. "ನೀನೇ ಬೇಡ ಅಂತಿದ್ದೆಯಲ್ಲೇ."

ಕಸ್ಟಮರ್ ಕೇಳಿದರು ಎಂದಳು. ಅಣ್ಣ ಅಂಗಿಯ ಚುಂಗಿನಲ್ಲಿ ಕನ್ನಡಕ ಒರೆಸಿಕೊಂಡು ಸುಮ್ಮನೆ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಮಧ್ಯಾಹ್ನ, ಊರಾಚೆಯ ಉದ್ದನೆಯ ಏರಿನಲ್ಲಿ ಪರೀಕ್ಷೆ. ಅವನು ಸ್ಟಿಯರಿಂಗ್ ಹಿಡಿದಿದ್ದ. ಅವಳು ಪಕ್ಕದಲ್ಲಿ, ಮಡಿಲಲ್ಲಿ ಲ್ಯಾಪ್‌ಟಾಪು. ಎಂಜಿನ್ನಿನ ಕಾವು, ಕಿಡಿಯ ಸಮಯ, ಎಲ್ಲ ಅದರ ಪರದೆಯ ಮೇಲೆ ಓಡುತ್ತಿತ್ತು. ಅವನ ಮಡಿಸಿದ ಅಂಗಿತೋಳಿನಿಂದ ಲವಂಗದೆಣ್ಣೆಯ ತೆಳುವಾದ ವಾಸನೆ ಬರುತ್ತಿತ್ತು.

ಮೊದಲ ಸಲ ಕಾರು ಏರನ್ನು ನುಂಗಿತು. ಬೆನ್ನು ಸೀಟಿಗೆ ಅಂಟಿತು. ಮುಳ್ಳು ಕೆಂಪಿನಲ್ಲಿ. ಅವನು ಅವಳತ್ತ ತಿರುಗಿ ನೋಡಿದ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು. ಅವಳು ಪರದೆಯಲ್ಲಿ ಕಣ್ಣು ಹುದುಗಿಸಿದಳು. ಅಲ್ಲಿ ಗಾಳಿಯ ಕಾವು ಏರುತ್ತಿತ್ತು.

ಇಳಿದು ಬಂದು ಮತ್ತೆ ಹತ್ತಿದಾಗ ಕಾವು ಇನ್ನೂ ಮೇಲಿತ್ತು. ಎಂಜಿನ್ನನ್ನು ಕಾಪಾಡಲು ಕಂಪ್ಯೂಟರು ಕಿಡಿಯನ್ನು ತಡಮಾಡಿ ಹಚ್ಚುತ್ತಿತ್ತು, ಬಲ ಕುಗ್ಗುತ್ತಿತ್ತು. ಮುಳ್ಳಿಗೆ ಇದಾವುದರ ಗೊಡವೆಯಿಲ್ಲ, ಅಲ್ಲೇ ನಿಂತಿತ್ತು. ಯಾಕೋ ಮೊದಲಿನಷ್ಟು ಎಳೆಯುತ್ತಿಲ್ಲ ಎಂದ ಅವನು. ಈಗ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಅವನು ಕಾರು ತಿರುಗಿಸಿದ್ದ.

ಮೂರನೆಯ ಸಲ, ಅರ್ಧ ಏರಿನಲ್ಲಿ, ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು.

"ಕಾಲು ತೆಗೀರಿ," ಎಂದಳು. "ತೆಗೀರಿ, ಡಾಕ್ಟ್ರೇ."

ರಸ್ತೆಯ ಬದಿಯಲ್ಲಿ ಕಾರು ನಿಂತಿತು. ತೆರೆದ ಬಾನೆಟ್ಟಿನ ಮೇಲೆದ್ದ ಝಳದಲ್ಲಿ ಆಚೆಯ ವಿದ್ಯುತ್ ಕಂಬ ನೀರೊಳಗಿನ ಕೋಲಿನಂತೆ ಬಳುಕುತ್ತಿತ್ತು. ಎಂಜಿನ್ ಹೋಯಿತಾ ಎಂದು ಕೇಳಿದ. ಬಹುಶಃ ಇಲ್ಲ, ಬಿಚ್ಚಿ ನೋಡಬೇಕು ಎಂದಳು. ಸುಮ್ಮನಾಗಬಹುದಿತ್ತು. ಕಾರಿನ ತಪ್ಪು, ಬಿಸಿಲಿನ ತಪ್ಪು ಎಂದು ಹೇಳಿದ್ದರೂ ಅವನು ನಂಬುತ್ತಿದ್ದ. ಅವಳು ಏನು ಹೇಳಿದರೂ ನಂಬುತ್ತಿದ್ದ ಎಂಬುದೇ ಹೆದರಿಕೆ ಹುಟ್ಟಿಸಿತು.

"ಹೀಗಾಗುತ್ತೆ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೇ ಹಾಕಿದೆ."

"ಯಾಕೆ?"

"ಆಗಲ್ಲ ಅಂದ್ರೆ ನೀವು ಅವನ ಹತ್ರ ಹೋಗ್ತಿದ್ರಿ. ಆಮೇಲೆ ಇಲ್ಲಿಗೆ ಬರ್ತಿರಲಿಲ್ಲ."

ಒಂದು ಲಾರಿ ಏದುಸಿರು ಬಿಡುತ್ತ ಏರು ಹತ್ತಿ ಹೋಯಿತು. ಅವಳು ಹೇಳಿದ್ದರಲ್ಲಿ ಎರಡು ಸಂಗತಿಗಳಿದ್ದವು; ಎರಡನ್ನೂ ಕೇಳಿಸಿಕೊಂಡಿದ್ದಾನೆ ಎಂದು ಕೆಂಪೇರಿದ ಅವನ ಕಿವಿ ಹೇಳುತ್ತಿತ್ತು.

"ರೋಗಿ ಕೇಳಿದ ಅಂತ ನಾನು ಗಟ್ಟಿ ಹಲ್ಲು ಕಿತ್ತುಕೊಟ್ರೆ?"

"ಆ ರೋಗಿ ಮೇಲೆ ಜೀವ ಇಟ್ಕೊಂಡಿದ್ರೆ ನೀವೂ ಕೀಳ್ತಿದ್ರೇನೋ."

"ಜೀವ ಇಟ್ಕೊಂಡಿದ್ರೆ ಖಂಡಿತ ಕೀಳ್ತಿರಲಿಲ್ಲ."

ಅದು ನಾಟಿತು. ಅವಳು ಎಂಜಿನ್ನಿನತ್ತ ತಿರುಗಿ, ಮುಟ್ಟಲಾಗದಷ್ಟು ಕಾದಿದ್ದನ್ನು ಮುಟ್ಟಲು ಹೋದಳು. ಅವನು ಮಣಿಕಟ್ಟು ಹಿಡಿದು ತಡೆದ. ತಡೆದವನು ಕೂಡಲೇ ಬಿಡಲಿಲ್ಲ, ಮುಖವನ್ನೂ ನೋಡಲಿಲ್ಲ.

"ಭಾನುವಾರ ಟ್ರ್ಯಾಕಿಗೆ ಹೋಗೋಕೆ ಬಿಡ್ತಿದ್ರಾ ನನ್ನ, ಹೀಗೇ?"

ಇಲ್ಲ ಎನ್ನಬೇಕೆನಿಸಿತು. "ಗೊತ್ತಿಲ್ಲ," ಎಂದಳು. "ಅದೇ ಯೋಚಿಸ್ತಿದ್ದೀನಿ."

ಅವನು ಕೈ ಬಿಟ್ಟ. ರಸ್ತೆಯಂಚಿನ ಗಡಿಕಲ್ಲಿನ ಮೇಲೆ ಕೂತು ಫೋನು ಮಾಡಿ, ಸಂಜೆಯ ರೋಗಿಗಳನ್ನು ನಾಳೆಗೆ ಕಳಿಸುವಂತೆ ಹೇಳಿದ. ಕಾರೆಳೆಯುವ ಗಾಡಿ ತರಲು ಅವಳು ಅಣ್ಣನಿಗೆ ಹೇಳಿದಳು. ಆಮೇಲೆ ಇಬ್ಬರಿಗೂ ಮಾಡಲು ಏನೂ ಉಳಿಯಲಿಲ್ಲ. ಎಂಜಿನ್ ಆರುತ್ತ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು.

ತುಂಬ ಹೊತ್ತಾದ ಮೇಲೆ, ಒಳಗೆಲ್ಲ ನೆಟ್ಟಗಿದ್ದು ಹಳೆಯ ಪುಲ್ಲಿಯನ್ನೇ ಹಾಕಿದರೆ ಭಾನುವಾರ ಎಷ್ಟು ಸುತ್ತು ಓಡಿಸಬಹುದು ಎಂದು ಕೇಳಿದ. ಅವನಿಗೆ ಯಾವ ಉತ್ತರ ಬೇಕಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಎರಡು. ಬಿಸಿಲೇರಿದ ಮೇಲೆ ಬೇಡ."

"ಎರಡರಲ್ಲಿ ಗೆಲ್ಲೋಕಾಗಲ್ಲ."

"ಆಗಲ್ಲ."

ಅವನು ಅವಳನ್ನು ನೋಡಿದ. ಈ ಸಲ ಸಿಕ್ಕಿಬಿದ್ದರೂ ಕಣ್ಣು ಎಲ್ಲಿಗೂ ಓಡಲಿಲ್ಲ.

"ಹಾಗಾದ್ರೆ ಮಧ್ಯಾಹ್ನಕ್ಕೆಲ್ಲ ಬಿಡುವಾಗ್ತೀನಿ. ಊಟಕ್ಕೆ ಬರ್ತೀರಾ?"

"ಕೋಪ ಹೋಯ್ತಾ?"

"ಇಲ್ಲ. ಇದೆ. ಊಟಕ್ಕೆ ಬರ್ತೀರಾ ಅಂತ ಕೇಳ್ದೆ."